ಸಲಾಲಕ್ಕೆ ಹೊರಟ ಗಾಡಿ ನನ್ನ ಹೆಸರಿಗೆ

ಸೆಪ್ಟೆಂಬರ್ 5, ಶುಕ್ರವಾರ

ಇವತ್ತು ಮಧ್ಯಾಹ್ನ ಬಿರಿಯಾನಿಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹಾಸಿದರು. ಇವರು, ಇವರ ಗೆಳೆಯರಾದ ನಿಝಾಮುದ್ದೀನ್ ಮತ್ತು ಜೆರಿ. ಡಿಸೆಂಬರ್ ರಜೆಯಲ್ಲಿ ಬಹರೈನಿನಿಂದ ಸೇತುವೆ ದಾಟಿ ಸೌದಿ, ಅಲ್ಲಿಂದ ರುಬ್ ಅಲ್ ಖಾಲಿ ಎಂಬ ದೊಡ್ಡ ಮರುಭೂಮಿಯ ನಡುವಿನ ರಸ್ತೆ ಹಿಡಿದು ಒಮಾನ್, ಕೊನೆಗೆ ಸಲಾಲ. ಇವರ ಹಳೆಯ ಜೀಪಿನ ದಪ್ಪ ಟಯರು ಮರಳಿಗೆ ಮಾತ್ರ ಲಾಯಕ್ಕು, ಡಾಂಬರಿನಲ್ಲಿ ಅಷ್ಟು ದೂರ ಓಡಲಾರದು. ಅದಕ್ಕೆ ಜೀಪನ್ನು ಜೆರಿಯ ಟ್ರೇಲರಿಗೆ ಹತ್ತಿಸಿ, ಟ್ರೇಲರನ್ನು ನಮ್ಮ ಪ್ರಾಡೊ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುವುದು. ಒಳ್ಳೆಯ ಮರಳು ಸಿಕ್ಕಲ್ಲಿ ಇಳಿಸಿ ಆಡುವುದು. ಐವತ್ತು ದಾಟಿದ ಗಂಡಸರ ಆಟ.

ಅಲ್ಲಿಯ ತನಕ ಎಲ್ಲ ಸರಿ ಇತ್ತು. ನಿಝಾಮುದ್ದೀನ್, "ಪ್ರಾಡೊ ನೀನೇ ಬಿಡುದಲ್ವಾ ಮೊಯಿದಿನ್?" ಎಂದು ಕೇಳಿದ. ಇವರು ತಟ್ಟೆಯ ಕೋಳಿಯನ್ನು ನೋಡುತ್ತಾ, "ಝುಲ್ಫಾ ಬಿಡ್ತಾಳೆ" ಎಂದರು.

ನಾನು ಸೌಟು ಹಿಡಿದವಳು ಹಾಗೇ ನಿಂತೆ. ಇಲ್ಲಿ ಜಿಂಜ್‌ನ ನಮ್ಮ ಓಣಿಯ ಮೂರು ಮನೆಯ ಮಕ್ಕಳನ್ನು ದಿನಾ ನನ್ನ ಸಣ್ಣ ಕಾರಿನಲ್ಲಿ ಶಾಲೆಗೆ ಬಿಟ್ಟು ತರುವವಳು ನಾನು. ಆದರೂ ಮದುವೆಯಾದಂದಿನಿಂದ ಈ ಮನುಷ್ಯ ನಾನು ಓಡಿಸುವ ಗಾಡಿಯಲ್ಲಿ ಒಂದು ದಿನ ಬಾಯಿ ಮುಚ್ಚಿ ಕೂತದ್ದಿಲ್ಲ. ಅಂಥವರು ಸಲಾಲದ ತನಕದ ರಸ್ತೆಯನ್ನು ನನ್ನ ಕೈಗೆ ಕೊಡುತ್ತಾರಂತೆ. ಏನೋ ಇದೆ.

ಬರೆದಿಡುವುದು ಒಳ್ಳೆಯದು. ಮಗಳು ನಶ್ವಾಳಿಗೆ ಕನ್ನಡ ಓದಲು ಬಾರದು, ಇವರಿಗೆ ಓದುವ ತಾಳ್ಮೆ ಇಲ್ಲ.

ಸೆಪ್ಟೆಂಬರ್ 6, ಶನಿವಾರ

ನಿನ್ನೆ ಸಂಜೆಯ ನಮಾಜಿಗೆ ಹೋದವರು ಒಂದೇ ಚಪ್ಪಲಿಯಲ್ಲಿ ವಾಪಸ್ಸು ಬಂದರು. ಇನ್ನೊಂದನ್ನು ಮಸೀದಿಯಲ್ಲಿ ಯಾರೋ ಕದ್ದರಂತೆ. ಒಂದು ಕಾಲಿನ ಚಪ್ಪಲಿ ಕದಿಯುವ ಕಳ್ಳ ಯಾರು ಎಂದು ಕೇಳಿದ್ದಕ್ಕೆ, "ನನಗೆಂತ ಗೊತ್ತು, ಕಳ್ಳನ ಹತ್ರ ಕೇಳು" ಎಂದರು.

ಇವತ್ತು ಬೆಳಿಗ್ಗೆ ಕೆಳಗೆ ಲಿಫ್ಟಿನ ಪಕ್ಕ ಆ ಚಪ್ಪಲಿ ಬಿದ್ದಿತ್ತು. ಕಳ್ಳ ಮನೆ ಬಾಗಿಲಿಗೇ ತಂದುಕೊಟ್ಟು ಹೋದ ಹಾಗಾಯಿತು. ನಾನು ಇವರಿಗೆ ತೋರಿಸಲಿಲ್ಲ, ಎತ್ತಿಟ್ಟಿದ್ದೇನೆ.

ಸೆಪ್ಟೆಂಬರ್ 10, ಬುಧವಾರ

ಇವರಿಗೆ ಇದ್ದಕ್ಕಿದ್ದಂತೆ ಧರ್ಮಶ್ರದ್ಧೆ ಹೆಚ್ಚಾಗಿದೆ. ಎಲ್ಲಿಂದಲೋ ಕಪ್ಪು ಚರ್ಮದ ಮೋಜ ತಂದಿದ್ದಾರೆ. ಒಮ್ಮೆ ಕಾಲು ತೊಳೆದು ಅದನ್ನು ಹಾಕಿಕೊಂಡರೆ ಮರುದಿನದ ತನಕ ನಮಾಜಿಗೆಂದು ಮತ್ತೆ ಕಾಲು ತೊಳೆಯಬೇಕಾಗಿಲ್ಲ, ಒದ್ದೆ ಕೈಯನ್ನು ಅದರ ಮೇಲೆ ಸವರಿದರೆ ಸಾಕು. ಪ್ರಯಾಣಿಕರಿಗಾದರೆ ಮೂರು ದಿನದ ರಿಯಾಯಿತಿ. ಚಳಿಯ ಊರಿನಲ್ಲಿ ಹಾಕಿಕೊಳ್ಳುವುದನ್ನು ಕೇಳಿದ್ದೇನೆ. ಸೆಪ್ಟೆಂಬರಿನ ಬಹರೈನಿನಲ್ಲಿ, ಮೈಯ ಅಂಗಿಯೇ ಬೇಡ ಅನ್ನಿಸುವ ಸೆಖೆಯಲ್ಲಿ, ಚರ್ಮದ ಮೋಜ.

"ಮರುಭೂಮಿಗೆ ಪ್ರಾಕ್ಟೀಸ್. ಅಲ್ಲಿ ನೀರು ಉಳಿಸ್ಬೇಕಲ್ವಾ" ಎಂದರು.

ಉತ್ತರ ಸರಿಯಾಗಿದೆ. ಥಟ್ಟನೆ ಬರುವ ಸರಿಯಾದ ಉತ್ತರ ನನಗೆ ಆಗಿಬರುವುದಿಲ್ಲ. ಮಲಗುವಾಗಲೂ ಬಿಚ್ಚುವುದಿಲ್ಲ, ಮಂಚದ ಆ ತುದಿಗೆ ಸರಿದು ಗೋಡೆಗೆ ಮುಖ ಮಾಡಿ ಮಲಗುತ್ತಾರೆ.

ಇನ್ನೊಂದು. ಪ್ರಾಡೊದ ಮುಂದಿನ ಬಂಪರ್ ಜಜ್ಜಿದೆ. ಹೋದ ವಾರ ಪಾರ್ಕಿಂಗಿನಲ್ಲಿ ಯಾರೋ ಗುದ್ದಿ ಹೋದರಂತೆ. ಅಂದಿನಿಂದ ಗಾಡಿಯನ್ನು ಮನೆಯಲ್ಲೇ ಬಿಟ್ಟು ನಿಝಾಮುದ್ದೀನನ ಗಾಡಿಯಲ್ಲಿ ತಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುತ್ತಾರೆ. ಒಂದೇ ದಾರಿಗೆ ಎರಡು ಗಾಡಿ ಯಾಕೆ ಅನ್ನುತ್ತಾರೆ. ಇಷ್ಟು ವರ್ಷ ಆ ದಾರಿ ಎರಡಾಗಿತ್ತೇ?

ಸೆಪ್ಟೆಂಬರ್ 16, ಮಂಗಳವಾರ

ಪ್ರಾಡೊವನ್ನು ನನ್ನ ಹೆಸರಿಗೆ ಮಾಡಿಸಿದರು. ನಾನು ಕೇಳಿರಲಿಲ್ಲ. ಟ್ರಾಫಿಕ್ ಆಫೀಸಿನಿಂದ ಬಂದವರು ನನ್ನ ಹೆಸರಿರುವ ಹೊಸ ಕಾರ್ಡನ್ನು ಫ್ರಿಜ್ಜಿನ ಮೇಲಿಟ್ಟು, "ಬಾರ್ಡರಲ್ಲಿ ಓಡಿಸುವವರ ಹೆಸರಲ್ಲೇ ಗಾಡಿ ಇದ್ರೆ ಒಪ್ಪಿಗೆ ಪತ್ರ ಅದು ಇದು ಅಂತ ಕಿರಿಕಿರಿ ಇಲ್ಲ" ಎಂದು ಹೇಳಿ ಸ್ನಾನಕ್ಕೆ ಹೋದರು.

ಗಲ್ಫಿನಲ್ಲಿ ಗಂಡ ಗಾಡಿಯನ್ನು ಹೆಂಡತಿಯ ಹೆಸರಿಗೆ ಯಾವಾಗ ಮಾಡುತ್ತಾನೆ ಎಂದು ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಮೂರನೇ ಮಹಡಿಯ ಅನ್ಸಾರ್ ಹಾಗೇ ಮಾಡಿದ್ದ. ಗಾಡಿ ಸಿಕ್ಕಿತೆಂದು ಅವನ ಹೆಂಡತಿ ನಮಗೆಲ್ಲ ಫಲೂದಾ ಹಂಚಿದಳು. ಆರು ತಿಂಗಳಾಗುವಷ್ಟರಲ್ಲಿ ಅನ್ಸಾರನಿಗೆ ಒಮಾನಿನಲ್ಲಿ ಇನ್ನೊಂದು ಮನೆ, ಇನ್ನೊಬ್ಬಳು ಇರುವುದು ಬೆಳಕಿಗೆ ಬಂತು. ಗಾಡಿ ಕೊಟ್ಟದ್ದು ಪ್ರೀತಿಗಲ್ಲ, ಬಾಯಿ ಮುಚ್ಚಿಸಲಿಕ್ಕೆ.

ಸಲಾಲ ಇರುವುದೂ ಒಮಾನಿನಲ್ಲೇ. ನಾನು ಯಾರಿಗೂ ಫಲೂದಾ ಹಂಚುವುದಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಬೆಳಿಗ್ಗೆ ಬೇಗ ಸಖೀರ್ ಕಡೆಯ ಖಾಲಿ ಮೈದಾನಕ್ಕೆ ಹೋದೆವು. ನನಗೆ ಟ್ರೇಲರ್ ಕಟ್ಟಿದ ಗಾಡಿ ಓಡಿಸಲು ಕಲಿಸುವುದಂತೆ. ಬೇಡ ಎನ್ನಬಹುದಿತ್ತು. ಆದರೆ ಮನೆಯಲ್ಲಿ ಕೂತರೆ ಈ ಗಂಡಸರು ಏನು ಮಾತಾಡಿಕೊಳ್ಳುತ್ತಾರೆ ಎಂದು ತಿಳಿಯುವುದು ಹೇಗೆ?

ಮುಂದೆ ಹೋಗುವುದು ಸುಲಭ, ತಿರುವನ್ನು ಸ್ವಲ್ಪ ಅಗಲಕ್ಕೆ ತೆಗೆದುಕೊಂಡರಾಯಿತು. ಹಿಂದೆ ಬರುವುದೇ ಕಷ್ಟ. ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ನಾಲ್ಕು ಸಲ ಅದು ಮಡಚಿಕೊಂಡು ನಿಂತಿತು. ಇವರು ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಬೈಯಲಿಲ್ಲ, ಸ್ಟೇರಿಂಗಿಗೆ ಕೈ ಹಾಕಲಿಲ್ಲ. ಈ ಒಳ್ಳೆಯತನ ನನ್ನನ್ನು ಇನ್ನಷ್ಟು ಹೆದರಿಸಿತು.

ಜೆರಿ ಕಿಟಕಿಯ ಹತ್ತಿರ ಬಂದು, "ಝುಲ್ಫಾ ಬಾಯಿ, ಕೈಯನ್ನು ಸ್ಟೇರಿಂಗಿನ ಅಡಿಯಲ್ಲಿ ಹಿಡೀರಿ. ಕೈ ಯಾವ ಕಡೆ ಹೋಗ್ತದೋ ಟ್ರೇಲರ್ ಆ ಕಡೆ ಹೋಗ್ತದೆ. ಬೇರೆ ಲೆಕ್ಕ ಬೇಡ" ಎಂದ. ಹಾಗೆ ಮಾಡಿದೆ. ಗುರುತಿಗೆಂದು ಇಟ್ಟ ಎರಡು ಡಬ್ಬಗಳ ನಡುವೆ ನೆಟ್ಟಗೆ ಹಿಂದೆ ಬಂದು ನಿಂತಿತು. ಮತ್ತೆ ಮಾಡಿದೆ. ಇನ್ನೊಮ್ಮೆ ಮಾಡಿದೆ. ಕೊನೆಗೆ ಇವರೇ, "ಸಾಕು ಮಾರಾಯ್ತಿ, ಹೊಟ್ಟೆ ಹಸಿವಾಗ್ತದೆ" ಎನ್ನಬೇಕಾಯಿತು.

ಗೂಢಚಾರಿಕೆಗೆ ಹೋದ ಕೆಲಸ ಏನೂ ಆಗಲಿಲ್ಲ. ಅವರು ಬರೀ ಟಯರಿನ ಗಾಳಿಯ ಬಗ್ಗೆ ಮಾತಾಡಿದರು.

ಸೆಪ್ಟೆಂಬರ್ 23, ಮಂಗಳವಾರ

ಸಿಕ್ಕಿತು.

ಜೆರಿಯ ಹೆಂಡತಿ ಫಿಲೊಮಿನಾ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳನ್ನು ಕರೆತರುವಾಗ ಸಲ್ಮಾನಿಯಾದ ಸಿಗ್ನಲ್‌ನಲ್ಲಿ ನಿಂತಿದ್ದೆ. ರಸ್ತೆಯ ಆಚೆ ಇವರು, ಪಕ್ಕದಲ್ಲಿ ಫಿಲೊಮಿನಾ. ಅವಳು ಇವರ ತೋಳು ಹಿಡಿದುಕೊಂಡು ಫುಟ್‌ಪಾತ್ ಇಳಿಸುತ್ತಿದ್ದಳು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಮೇಲೆಯೇ ನನಗೆ ಹಸಿರು ಕಂಡದ್ದು.

ಸಂಜೆ ಜೆರಿ ಮತ್ತು ಅವಳು ಹುಳಿ ಖಾರದ ಪುಳಿಮುಂಚಿ ಮೀನು ತಂದುಕೊಡುವ ನೆಪದಲ್ಲಿ ಬಂದರು. ನಾನು ಅಡುಗೆಮನೆಯಲ್ಲಿದ್ದೆ, ಜೆರಿ ಫೋನ್ ಬಂತೆಂದು ಹೊರಗೆ ಹೋಗಿದ್ದ. ಹಾಲ್‌ನಲ್ಲಿ ಅವಳು ತಗ್ಗಿದ ದನಿಯಲ್ಲಿ ಇವರಿಗೆ ಹೇಳುವುದು ಕೇಳಿಸಿತು: "ಇನ್ನೂ ಹೇಳ್ಲಿಲ್ವಾ? ಎಷ್ಟು ದಿನ ಅಂತ ಅಡಗಿಸ್ತೀರಿ?"

"ಹೇಳ್ತೇನೆ, ಹೇಳ್ತೇನೆ. ಸಲಾಲಕ್ಕೆ ಒಮ್ಮೆ ಹೋಗಿ ಬರುವ" ಎಂದರು ಇವರು.

ಮೀನನ್ನು ನಾನು ಮುಟ್ಟಲಿಲ್ಲ. ಇಪ್ಪತ್ತನಾಲ್ಕು ವರ್ಷ ಒಬ್ಬರ ಅಂಗಿಗೆ ಇಸ್ತ್ರಿ ಹಾಕಿದ ಮೇಲೆ ಇಂಥದ್ದನ್ನು ಅಡುಗೆಮನೆಯ ಬಾಗಿಲ ಸಂದಿನಿಂದ ಕೇಳಿ ತಿಳಿಯಬೇಕು. ಅಳು ಬಂತು. ನಶ್ವಾ ಕೇಳಿದಾಗ ಈರುಳ್ಳಿ ಎಂದೆ.

ಸೆಪ್ಟೆಂಬರ್ 26, ಶುಕ್ರವಾರ

ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದೆ ಬೆಳಗಿನಿಂದಲೇ ಶುರು ಮಾಡುತ್ತೇನೆ.

ಬೆಳಿಗ್ಗೆ ಮತ್ತೆ ಮೈದಾನಕ್ಕೆ ಹೋದೆವು, ನಿಝಾಮುದ್ದೀನ್ ಮಾತ್ರ ಬಂದಿರಲಿಲ್ಲ. ಇವತ್ತೇ ಕೇಳಿಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಜೀಪನ್ನು ಮೊದಲ ಸಲ ಟ್ರೇಲರಿಗೆ ಹತ್ತಿಸಿ ನಾನು ಎಳೆದು ನೋಡುವ ದಿನ. ಹತ್ತಿಸಿದ್ದು ಜೆರಿ. ಅಂಗಡಿಗೆ ಬಂದ ಹಳೆಯ ಪಾರ್ಟುಗಳನ್ನು ಕೂಡಿಸಿ ಕೈಯಾರೆ ಕಟ್ಟಿದ ಜೀಪಿನ ಕೀಯನ್ನು ಇವರು ಯಾರಿಗೂ ಕೊಡುವವರಲ್ಲ. ಇವತ್ತು ಬೆನ್ನು ನೋವು ಎಂದು ಕೊಟ್ಟುಬಿಟ್ಟರು. ಅದನ್ನೂ ಗಮನಿಸಿದೆ.

ನಾನು ಎಳೆದೆ, ತಿರುಗಿಸಿದೆ, ಹಿಂದೆ ತಂದೆ. ಭಾರ ಇದ್ದರೆ ಟ್ರೇಲರ್ ಇನ್ನೂ ಚೆನ್ನಾಗಿ ಮಾತು ಕೇಳುತ್ತದೆ, ಬ್ರೇಕ್ ಮಾತ್ರ ಮೊದಲೇ ಹಿಡಿಯಬೇಕು.

ಹನ್ನೊಂದರ ಹೊತ್ತಿಗೆ ಬಿಸಿಲು ಸುಡುತ್ತಿತ್ತು. ಇವರ ಮೋಜದ ಅವಧಿ ಮುಗಿದಿತ್ತು, ಶುಕ್ರವಾರದ ನಮಾಜಿಗೆ ಮುಂಚೆ ಬಿಚ್ಚಿ ಕಾಲು ತೊಳೆಯಲೇಬೇಕು. ಗಾಡಿಯ ಆ ಬದಿಗೆ ಹೋಗಿ, ನಮಗೆ ಬೆನ್ನು ಹಾಕಿ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಬಂದರು. ಜೀಪಿನ ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಲು ಟ್ರೇಲರಿನ ಹಿಂದೆ ಇಳಿಬಿಟ್ಟ ಕಬ್ಬಿಣದ ಹಲಗೆ ಹತ್ತಿದರು. ಬೆಳಗಿನಿಂದ ಬಿಸಿಲಲ್ಲಿ ಕಾದ ಹಲಗೆ ಅದು. ಸ್ವಲ್ಪ ಮುಂಚೆ ಕೈ ತಾಗಿ ನಾನೇ ಬೆರಳನ್ನು ಬಾಯಿಗೆ ಹಾಕಿಕೊಂಡಿದ್ದೆ.

ಹತ್ತುವಾಗ ಎಡಗಾಲಿನ ಚಪ್ಪಲಿ ಜಾರಿ ಕೆಳಗೆ ಬಿತ್ತು. ಇವರು ಹಾಗೇ ಮೇಲೆ ಹೋಗಿ ನಿಂತು, ಸೌದಿಯ ಹುಫೂಫಿನಲ್ಲಿ ಎಲ್ಲಿ ಊಟ ಮಾಡುವುದು ಎಂದು ಜೆರಿಯ ಹತ್ತಿರ ಮಾತಾಡತೊಡಗಿದರು. ಆ ಕಬ್ಬಿಣದ ಮೇಲೆ ಬರಿಗಾಲು. ಮೊದಲು ನಾನು ಇದೂ ಏನೋ ನಾಟಕ ಎಂದೇ ನೋಡಿದೆ. ಎಷ್ಟು ಹೊತ್ತು ತಡೆಯುತ್ತಾರೆ ನೋಡೋಣ ಎಂದು ಕಾದೆ. ಇವರು ಕಾಲು ಎತ್ತಲಿಲ್ಲ. ಜೆರಿ ಏನೋ ಹೇಳಿದ, ಇವರು ನಕ್ಕರು.

ನಾನು ಓಡಿದೆ. ಹೋಗಿ ಕೈ ಹಿಡಿದು ಎಳೆದೆ.

"ಎಂತ ಆಯ್ತು?" ಎಂದರು.

"ನಿಮ್ಮ ಚಪ್ಪಲಿ ಎಲ್ಲುಂಟು?"

ಇವರು ಬಗ್ಗಿ ನೋಡಿದರು. ಕಣ್ಣಿನಿಂದ ನೋಡಿದ ಮೇಲೆಯೇ ಕಾಲು ಬರಿದಾಗಿರುವುದು ಇವರಿಗೆ ತಿಳಿದದ್ದು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ ಆಯಿತು ಆ ದೊಡ್ಡ ಮನುಷ್ಯನದು.

ಗಾಡಿಯ ನೆರಳಿನಲ್ಲಿ ಕೂರಿಸಿ ಅಂಗಾಲನ್ನು ತಿರುಗಿಸಿದೆ. ಈಗ ಎದ್ದ ಗುಳ್ಳೆಗಳ ಪಕ್ಕ, ಹೆಬ್ಬೆರಳಿನ ಬುಡದಲ್ಲಿ, ಹಳೆಯದೊಂದು ಹುಣ್ಣು. ಸುತ್ತ ಚರ್ಮ ಬೆಳ್ಳಗೆ ನೆನೆದು ಹೋಗಿತ್ತು. ಅದರ ಅಂಚನ್ನು ಒತ್ತಿದೆ.

"ನೋವಾಗ್ತದಾ?"

"ನೀನು ಮುಟ್ಟಿದ್ದೇ ಗೊತ್ತಾಗುದಿಲ್ಲ ಝುಲ್ಫಾ" ಎಂದರು. ಆಮೇಲೆ, "ಎರಡೂ ಕಾಲು ಹಾಗೆಯೇ. ಸಕ್ಕರೆ ಕಾಯಿಲೆದು. ಬಂಪರ್ ಯಾರೂ ಗುದ್ದಿದ್ದಲ್ಲ. ಬ್ರೇಕಿಗೆ ಕಾಲಿಟ್ಟೆ ಅಂತ ನಾನು ನೆನೆಸಿದ್ದು, ಕಾಲು ಆಕ್ಸಿಲರೇಟರಲ್ಲೇ ಇತ್ತು. ಎದುರು ಗೋಡೆ ಇದ್ದದ್ದು ಪುಣ್ಯ" ಎಂದರು.

ಸಿಟ್ಟು ಬಂತು, ಹೆದರಿಕೆ ಬಂತು. ಇನ್ನೊಬ್ಬಳು ಇಲ್ಲ ಎಂದು ಒಂದು ಕ್ಷಣ ಸಂತೋಷವೂ ಆಯಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹೌದು.

ಸೆಪ್ಟೆಂಬರ್ 27, ಶನಿವಾರ

ಫಿಲೊಮಿನಾ ಮನೆಗೇ ಬಂದು ಹುಣ್ಣು ತೊಳೆದು ಪಟ್ಟಿ ಕಟ್ಟಿದಳು. ಆಸ್ಪತ್ರೆಗೆ ಇವರನ್ನು ಒತ್ತಾಯದಿಂದ ಕರೆದುಕೊಂಡು ಹೋಗುತ್ತಿದ್ದವಳು ಅವಳೇ, ಮಂಗಳವಾರ ನಾನು ಕಂಡದ್ದು ಅದನ್ನೇ. ಚರ್ಮದ ಮೋಜದ ಸಂಗತಿ ಅವಳಿಗೂ ಗೊತ್ತಿರಲಿಲ್ಲ, ಆಸ್ಪತ್ರೆಗೆ ಹೋಗುವಾಗ ಇವರು ಅದನ್ನು ಬಿಚ್ಚಿಡುತ್ತಿದ್ದರಂತೆ.

"ನಿಮಗೆ ತಲೆ ಉಂಟಾ ಮೊಯಿದಿನ್ ಭಾಯ್? ಗಾಳಿ ಆಡ್ಬೇಕಾದ ಗಾಯಕ್ಕೆ ಹಗಲೂ ರಾತ್ರಿ ಚರ್ಮ ಕಟ್ಟಿದ್ದೀರಿ. ಇನ್ನು ಹದಿನೈದು ದಿನ ಹೀಗೇ ಬಿಟ್ಟಿದ್ರೆ ಬೆರಳು ತೆಗೀಬೇಕಿತ್ತು."

"ಇವಳು ನೋಡ್ಬಾರ್ದು ಅಂತ" ಎಂದರು ಇವರು.

ನನ್ನ ಕಡೆ ತಿರುಗಿ ಫಿಲೊಮಿನಾ, "ರೋಗಿಯ ಗುಟ್ಟು ನಾನು ಹೇಳುವ ಹಾಗಿಲ್ಲ ಬಾಯಿ, ನರ್ಸ್ ಅಲ್ವಾ. ಜೆರಿಗೂ ಹೇಳಿರ್ಲಿಲ್ಲ. ಇವರೇ ಹೇಳ್ಬೇಕು ಅಂತ ದಿನಾ ತಲೆ ತಿಂತಿದ್ದೆ" ಎಂದಳು. ಗಾಡಿ ಬಿಡಲೇಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಅವಳಿಗೆ ಚಹಾ ಮಾಡಿ ಕೊಟ್ಟೆ. ಮಂಗಳವಾರದ ಮೀನು ಫ್ರಿಜ್ಜಿನಲ್ಲಿತ್ತು, ಇವತ್ತು ಬಿಸಿ ಮಾಡಿ ತಿಂದೆ. ಚೆನ್ನಾಗಿತ್ತು.

ಅವಳು ಹೋದ ಮೇಲೆ ನಾನು ಇವರ ಎದುರು ಕೂತೆ. "ನನ್ನ ಹತ್ರ ಯಾಕೆ ಅಡಗಿಸಿದ್ದು?"

"ಹೇಳಿದ್ರೆ ನೀನು ಸಲಾಲ ಬೇಡ ಅಂತೀಯ. ಊರಿಗೆ ಹೋಗುವ ಅಂತೀಯ." ಪಟ್ಟಿಯ ಅಂಚನ್ನು ಬೆರಳಿನಿಂದ ಸರಿ ಮಾಡಿದರು. "ಇಷ್ಟು ವರ್ಷ ಮರಳಿಗೆ ಹೋಗುವವರಿಗೆಲ್ಲ ಪಾರ್ಟ್ಸ್ ಮಾರಿದೆ. ನನ್ನ ಜೀಪು ಒಮ್ಮೆ ದೊಡ್ಡ ಮರಳು ನೋಡ್ಬೇಕು. ಮತ್ತೆ ಬೇಕಾದ್ರೆ ಮಾರಿ ಬಿಡು."

ನಾನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹುಣ್ಣು ಮಾಯಲಿ ಎಂದೆ. ಒಂದು ಮಾತು ಕೇಳಿಕೊಂಡರು. "ನಿಝಾಮಿಗೆ ಗೊತ್ತಾಗ್ಬಾರ್ದು. ಅವನು ಮರುಕ ತೋರಿಸಿದ್ರೆ ನನಗೆ ತಡೀಲಿಕ್ಕಾಗುದಿಲ್ಲ."

ಅಕ್ಟೋಬರ್ 14, ಮಂಗಳವಾರ

ದಿನಾ ಬೆಳಿಗ್ಗೆ ತಪಾಸಣೆ. ಅಂಗಾಲು, ಬೆರಳ ಸಂದು, ಹಿಮ್ಮಡಿ. ಬೂಟಿನೊಳಗೆ ಕೈ ಹಾಕಿ ಕಲ್ಲು ಮಣ್ಣು ಇದೆಯೇ ಎಂದು ನೋಡಿದ ಮೇಲೆಯೇ ಕಾಲು ಒಳಗೆ. ಚೆನ್ನಾಗಿದೆ ಎಂದು ಇವರು ಹೇಳಿದರೆ ನಾನು ನಂಬುವುದಿಲ್ಲ, ಒಮ್ಮೆ ಮೋಸ ಮಾಡಿದವರು.

"ಸೇತುವೆಯ ಕಸ್ಟಮ್ಸಿನವರೂ ಇಷ್ಟು ಹುಡುಕುದಿಲ್ಲ" ಎಂದರು.

ಅವರಿಗೆ ನಿಮ್ಮ ಪರಿಚಯ ಇಲ್ಲ ಎಂದೆ.

ನವೆಂಬರ್ 9, ಭಾನುವಾರ

ನಿಝಾಮುದ್ದೀನನ ಯೋಜನೆಯ ಮೇಲೆ ನನಗೆ ನಂಬಿಕೆಯಿಲ್ಲ. ಮರುಭೂಮಿಯ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ಎಲ್ಲೆಲ್ಲಿದೆ ಎಂದು ಅವನು ಬರೆದದ್ದು ಖಾಲಿ ಗಾಡಿಯ ಲೆಕ್ಕ. ಟ್ರೇಲರ್ ಎಳೆದರೆ ಪ್ರಾಡೊ ಎಷ್ಟು ಕುಡಿಯುತ್ತದೆ ಎಂದು ನಾನು ಸಖೀರ್ ಸುತ್ತ ಓಡಿಸಿ ನೋಡಿದ್ದೇನೆ. ನಿಲ್ಲುವ ಜಾಗಗಳನ್ನೆಲ್ಲ ಬದಲಾಯಿಸಿದೆ. ಟ್ರೇಲರಿನ ಕೊಂಡಿಯ ಸರಪಳಿಯೂ ಹಳೆಯದು, ಜೆರಿ ಗಟ್ಟಿ ಉಂಟು ಎಂದ. ಹೊಸತು ತರಿಸಿದೆ. ಟ್ರೇಲರಿನ ಚಕ್ರಗಳ ಬೇರಿಂಗಿಗೆ ಗ್ರೀಸು ಹಾಕಿಸಿದ್ದೇನೆ ಎಂದೂ ಅವನು ಹೇಳುತ್ತಾನೆ. ನಾಳೆ ಬಿಚ್ಚಿಸಿ ನೋಡುತ್ತೇನೆ.

ಫೋನಿನಲ್ಲಿ ನಾನು ಜೆರಿಯ ಹತ್ತಿರ ವಾದ ಮಾಡುವುದನ್ನು ಕೇಳಿ ನಶ್ವಾ, "ಮಮ್ಮಾ, ಯು ಆರ್ ಎಂಜಾಯಿಂಗ್ ದಿಸ್" ಎಂದಳು. ಹುಚ್ಚು ಹುಡುಗಿ. ಇದರಲ್ಲಿ ಎಂಜಾಯ್ ಮಾಡಲು ಏನಿದೆ? ನಾಳೆ ಬೇಗ ಏಳಬೇಕು.

ನವೆಂಬರ್ 28, ಶುಕ್ರವಾರ

ಹುಣ್ಣು ಮುಚ್ಚಿದೆ. ಡಾಕ್ಟರು ಹೋಗಬಹುದು ಎಂದರು, ಮೆತ್ತನೆಯ ಬೂಟು ಹಾಕಬೇಕು, ಗಾಡಿ ಬಿಡಬಾರದು. ಫಿಲೊಮಿನಾ ರಜೆ ಹಾಕಿ ನಮ್ಮ ಜೊತೆ ಬರುತ್ತಾಳೆ. ನಾನೇ ಕರೆದೆ.

ಡಿಸೆಂಬರ್ 25, ಗುರುವಾರ

ಹೊರಟೆವು. ಸೇತುವೆಯ ಬುಡದಲ್ಲಿ ನಿಝಾಮುದ್ದೀನ್ ತನ್ನ ಗಾಡಿಯಿಂದ ಇಳಿದು ಬಂದ. ನಾನು ಸ್ಟೇರಿಂಗಿನ ಮುಂದೆ, ಇವರು ಪಕ್ಕದಲ್ಲಿ. ಪ್ರಾಡೊ ನಾನೇ ಓಡಿಸುವುದು ಎಂದು ಮೊದಲೇ ಹೇಳಿದ್ದರೂ ಅವನಿಗೆ ತಮಾಷೆ ಮಾಡದೆ ಇರಲಾಗಲಿಲ್ಲ.

"ಎಂತ ಮೊಯಿದಿನ್, ಗಾಡಿಯೂ ಹೋಯ್ತು, ಕೀಯೂ ಹೋಯ್ತಾ? ಸೌದಿಯೊಳಗಾದ್ರೂ ನೀನು ಬಿಡು ಮಾರಾಯ. ಜನ ನೋಡಿ ನಗ್ತಾರೆ."

ಇವರ ಕೈ ತೊಡೆಯ ಮೇಲೆ ಮುಷ್ಟಿಯಾಯಿತು. ಏನೋ ಹೇಳಲು ಬಾಯಿ ತೆರೆದರು. ನಾನು ಮೊದಲೇ ಹೇಳಿದೆ: "ನನಗೆ ಇವರ ಮೇಲೆ ನಂಬಿಕೆ ಇಲ್ಲ ನಿಝಾಮ್ ಭಾಯ್. ಕೀ ಕೊಟ್ರೆ ಸಲಾಲದಲ್ಲಿ ಇನ್ನೊಂದು ಮನೆ ಮಾಡಿ ಕೂತ್ಕೊಳ್ತಾರೆ. ಅನ್ಸಾರನ ಕತೆ ನಿಮಗೆ ಗೊತ್ತುಂಟಲ್ಲ. ಅದಕ್ಕೆ ಗಾಡಿ ನನ್ನ ಹೆಸರಿಗೆ ಮಾಡಿಸ್ಕೊಂಡದ್ದು."

ನಿಝಾಮುದ್ದೀನ್ ಹೊಟ್ಟೆ ಹಿಡಿದು ನಕ್ಕ. "ಪಾಪ ಇವನು. ಪೊಲೀಸಿನ ಜೊತೆ ಸಂಸಾರ" ಎಂದು ಬೆನ್ನು ತಟ್ಟಿ ಹೋದ. ಇನ್ನು ಊರೆಲ್ಲ ಹೇಳುತ್ತಾನೆ. ಹೇಳಲಿ.

ಇವರು ಕಿಟಕಿಯ ಆಚೆ ಸಮುದ್ರವನ್ನು ನೋಡುತ್ತಾ ಕೂತರು. ಸೌದಿಯ ಅಧಿಕಾರಿ ಗಾಡಿ ಯಾರದ್ದು ಎಂದು ಕೇಳಿದಾಗ ನಾನು ಕಾರ್ಡು ಕೊಟ್ಟು, ನನ್ನದು ಎಂದೆ.

ಡಿಸೆಂಬರ್ 27, ಶನಿವಾರ

ರುಬ್ ಅಲ್ ಖಾಲಿಗೆ ಮಧ್ಯಾಹ್ನ ಮುಟ್ಟಿದೆವು. ಎಲ್ಲಿ ನೋಡಿದರೂ ಕೆಂಪು ಮರಳು, ಮನೆಗಿಂತ ಎತ್ತರದ ದಿಬ್ಬಗಳು. ಟ್ರೇಲರನ್ನು ಹಿಮ್ಮುಖವಾಗಿ ತಂದು ಗಟ್ಟಿ ನೆಲದಲ್ಲಿ ನಿಲ್ಲಿಸಿದೆ. ಜೆರಿ ಜೀಪನ್ನು ಇಳಿಸಿ ಕೀಯನ್ನು ಇವರ ಕೈಗೆ ಕೊಟ್ಟ. ಇವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, "ನೀವೇ ಒಂದು ರೌಂಡ್ ಹೋಗಿ ಬನ್ನಿ. ನನಗೆ ಬೆನ್ನು" ಎಂದರು.

ನಾನು ಫಿಲೊಮಿನಾಳನ್ನು ನೋಡಿದೆ. ಅವಳು ದಿಬ್ಬಗಳ ನಡುವಿನ ಬಯಲನ್ನು ನೋಡಿದಳು. ಗೋಡೆ ಇಲ್ಲ, ಮರ ಇಲ್ಲ, ಮನುಷ್ಯರಿಲ್ಲ. "ಮೆಲ್ಲ ಹೋಗುದಾದ್ರೆ ನಾನು ಆಚೆ ತಿರುಗಿ ನಿಲ್ತೇನೆ" ಎಂದಳು. ಗಂಡಸರಿಬ್ಬರನ್ನು ಚಹಾ ಕಾಯಿಸಲು ಕರೆದುಕೊಂಡು ಹೋದಳು.

ಜೀಪಿಗೆ ಹತ್ತಿ ಇವರ ಪಕ್ಕ ಕೂತೆ. ಕ್ಲಚ್ ಇಲ್ಲದ ಜೀಪು, ಒಂದೇ ಕಾಲಿನ ಕೆಲಸ. ನನ್ನ ಕೈಯನ್ನು ಇವರ ಬಲ ಮೊಣಕಾಲಿನ ಮೇಲಿಟ್ಟೆ.

"ಇದು ಗೊತ್ತಾಗ್ತದಾ?"

"ಇದು ಗೊತ್ತಾಗ್ತದೆ."

"ನಾನು ಒತ್ತಿದಾಗ ಒತ್ತಿ. ಎತ್ತಿದಾಗ ಎತ್ತಿ. ಕಾಲಿನ ಚಿಂತೆ ಬೇಡ, ಅದನ್ನು ನಾನು ನೋಡ್ತಾ ಇರ್ತೇನೆ."

ಸ್ವಲ್ಪವೇ ಒತ್ತಿದೆ. ಜೀಪು ಹೊರಟಿತು. ಎತ್ತಿದೆ, ನಿಧಾನವಾಯಿತು. ಇವರ ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ಮುಂದೆ. ಮರಳು ಎರಡೂ ಕಡೆ ಹಾರತೊಡಗಿತು. ಇವರು ಬಾಯಿಯಲ್ಲಿ ಏನೋ ಗುನುಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕೇಳಿದ್ದು, ಮತ್ತೆ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು, ಆದರೂ ಇವರ ಬೂಟಿನಿಂದ ಕಣ್ಣು ತೆಗೆಯಲಿಲ್ಲ.

ದಿಬ್ಬದ ಬುಡಕ್ಕೆ ಬಂದಾಗ ಮೆಲ್ಲಗೆ ಒತ್ತಿದೆ. ಜೀಪು ಒಮ್ಮೆಲೇ ಹಾರಿ ಅರ್ಧ ದಿಬ್ಬ ಹತ್ತಿಬಿಟ್ಟಿತು. ನಾನು ಒತ್ತಿದ್ದು ಅಷ್ಟಲ್ಲ ಎಂದೆ. ಕಾಲಿಗೆ ಗೊತ್ತಾಗುವುದಿಲ್ಲವಲ್ಲ ಮಾರಾಯ್ತಿ, ನಾನೆಂತ ಮಾಡುವುದು ಎಂದರು. ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಈ ಮಾತಿನ ಮೇಲೆ ನನಗೆ ಪೂರ್ತಿ ಸಂಶಯವಿದೆ.